ಬೋಟಿನಿಂದ ಇಳಿದವನು

ಎರ್ನಾಕುಲಂ ಜೆಟ್ಟಿಯಿಂದ ಬೋಟು ಹಿಂದಕ್ಕೆ ಸರಿದು ಮೂತಿ ತಿರುಗಿಸುತ್ತಿದ್ದಂತೆ ಪುಟ್ಟಲಕ್ಷ್ಮಿ ಗಟ್ಟಿಯಾಗಿ ನಕ್ಕುಬಿಟ್ಟಳು. ಆಫೀಸಿಗೆ ಹೊರಟವರು, ಕಾಲೇಜಿನ ಹುಡುಗಿಯರು, ಖಾಲಿ ಮೀನುಬುಟ್ಟಿಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡಿದ್ದ ಮುದುಕಿ, ಎಲ್ಲರೂ ತಿರುಗಿ ನೋಡಿದರು. ಐವತ್ತೆಂಟು ವರ್ಷದ, ಕೂದಲನ್ನು ಗಂಡಸಿನಂತೆ ಕತ್ತರಿಸಿದ, ಹಳದಿ ಚೂಡಿದಾರದ ಹೆಂಗಸೊಬ್ಬಳು ಕಿಟಕಿಯ ಕಂಬಿಗೆ ಗಲ್ಲ ಒತ್ತಿಕೊಂಡು ನಗುತ್ತಿರುವುದನ್ನು ಕಂಡು ಅಷ್ಟೇ ಬೇಗ ಬೇರೆ ಕಡೆ ಮುಖ ಮಾಡಿದರು. ಕಾಂತರಾಜುವಿಗೆ ಈ ಎರಡೂ ಹೊಸದಲ್ಲ. ಮೂಡಲಪಾಳ್ಯದ ಬಸ್ಸುಗಳಲ್ಲಿ, ಮದುವೆಯ ಛತ್ರಗಳಲ್ಲಿ, ಆಸ್ಪತ್ರೆಯ ಸಾಲುಗಳಲ್ಲಿ ಅಕ್ಕನ ಪಕ್ಕದಲ್ಲಿ ನಿಂತು ಅವನು ಇದನ್ನೇ ನೋಡುತ್ತ ಬಂದಿದ್ದ. ಜನ ನೋಡುವುದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ನೋಡಿಲ್ಲವೆಂಬಂತೆ ಮುಖ ತಿರುಗಿಸುತ್ತಾರಲ್ಲ, ಆಗ ಮಾತ್ರ ಕುತ್ತಿಗೆಯ ಹಿಂದೆ ಬಿಸಿಯಾಗುತ್ತಿತ್ತು. ಅವಳು ಅವನ ಮೊಣಕೈ ಹಿಡಿದು ಜಗ್ಗಿ, ‘ಕಾಂತು, ಊರು ಹೋಯ್ತಾ ಐತೆ ನೋಡು’ ಅಂದಳು. ಅವನು ನೋಡಿದ. ದಡದ ಮರಗಳು, ಎತ್ತರದ ಕಟ್ಟಡಗಳು, ಜೆಟ್ಟಿಯ ಹೆಂಚಿನ ಮಾಡು ನಿಜಕ್ಕೂ ಒಂದೇ ಸಮನೆ ಹಿಂದಕ್ಕೆ ಹೋಗುತ್ತಿದ್ದವು. ಈ ದಿನ ಅವಳ ಜೊತೆ ಆದಷ್ಟು ಕಡಿಮೆ ಮಾತಾಡಬೇಕೆಂದು ರೈಲಿನಲ್ಲೇ ಅವನು ನಿಶ್ಚಯಿಸಿಕೊಂಡಿದ್ದ.

ಸಮುದ್ರ ತೋರಿಸಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ ಘಟಕದಲ್ಲಿ ಅವನು ಕಟಿಂಗ್ ಮಾಸ್ಟರ್. ಇಪ್ಪತ್ತಾರು ವರ್ಷದಲ್ಲಿ ಒಟ್ಟಿಗೆ ಮೂರು ದಿನ ರಜೆ ಕೇಳಿದ್ದು ಇದು ನಾಲ್ಕನೆಯ ಸಲ. ಅದೇ ಘಟಕದ ಇಸ್ತ್ರಿ ವಿಭಾಗದ ಮಹದೇವ್ ಒಮ್ಮೆ ಟೀ ಹೊತ್ತಿನಲ್ಲಿ, ಯಾವ ಉದ್ದೇಶವೂ ಇಲ್ಲದೆ, ಕೇರಳದ ಕಡೆ ಒಂದು ಆಶ್ರಮವಿದೆಯಂತೆ, ಬೀದಿಯಲ್ಲಿ ಸಿಕ್ಕ ಬುದ್ಧಿಯಿಲ್ಲದವರನ್ನು ಪೊಲೀಸರೇ ಅಲ್ಲಿಗೆ ಸೇರಿಸುತ್ತಾರಂತೆ, ಮೀಯಿಸಿ ಉಣ್ಣಿಸಿ ಮಕ್ಕಳಂತೆ ನೋಡಿಕೊಳ್ಳುತ್ತಾರಂತೆ ಎಂದಿದ್ದ. ಅಷ್ಟು ಹೇಳಿ ಅವನು ಬೇರೆ ಮಾತಿಗೆ ಹೋದ. ಕಾಂತರಾಜುವಿನಲ್ಲಿ ಆ ಮಾತು ಉಳಿದುಬಿಟ್ಟಿತು. ಅದಕ್ಕೂ ಮುಂಚೆ ಅವನು ಬೆಂಗಳೂರಿನಲ್ಲೇ ಮೂರು ಕಡೆ ವಿಚಾರಿಸಿ ಬಂದಿದ್ದ. ಒಂದು ಕಡೆ ಜಾಗವಿಲ್ಲ ಎಂದರು. ಒಂದು ಕಡೆ ಫಿಟ್ಸ್ ಇರುವವರನ್ನು ಸೇರಿಸಿಕೊಳ್ಳುವುದಿಲ್ಲ ಎಂದರು. ಮೂರನೆಯ ಕಡೆಯ ಹೆಂಗಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇದು ಯಾರೂ ಇಲ್ಲದವರಿಗೆ ಮಾತ್ರ, ನಿಮ್ಮಕ್ಕನಿಗೆ ನೀವಿದ್ದೀರಲ್ಲ ಸಾರ್ ಎಂದು ಮೃದುವಾಗಿಯೇ ಹೇಳಿದಳು. ನಾನಿರುವುದೇ ಇವಳಿಗೆ ಅಡ್ಡಿ ಎಂದು ನಾಗರಭಾವಿಯ ಬಸ್ಸಿನಲ್ಲಿ ನಿಂತುಕೊಂಡು ಬರುವಾಗ ಅವನಿಗೆ ಅನಿಸಿತ್ತು. ಆ ಆಲೋಚನೆಗೆ ಅವನು ಹೆದರಲಿಲ್ಲ. ಹೆದರದೆ ಹೋದದ್ದು ಈಗ ನೆನಪಾಗಿ ಹೆದರಿಕೆಯಾಯಿತು.

ಬೋಟಿನ ಎಂಜಿನ್ ಕಾಲ ಕೆಳಗೆ ಗುಡುಗುಡು ಎನ್ನುತ್ತಿತ್ತು. ಎದುರಿನಿಂದ ದೊಡ್ಡ ಹಡಗೊಂದು, ಅದು ಚಲಿಸುತ್ತಿದೆಯೋ ನಿಂತಿದೆಯೋ ತಿಳಿಯದಂತೆ, ಬಂದು ಹಾದುಹೋಯಿತು. ಕೆಲವು ತಿಂಗಳ ಹಿಂದೆ ಮನೆಯ ತಾರಸಿಯಲ್ಲಿ ಅಕ್ಕ ಅಂಗಾತ ಬಿದ್ದಿದ್ದಳು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ಬಾಯಲ್ಲಿ ನೊರೆ. ಮಗಳು ಚೈತ್ರ ಬಾಣಂತನಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಯಾರೂ ನೋಡದ ಹೊತ್ತಿನಲ್ಲಿ ಪುಟ್ಟಲಕ್ಷ್ಮಿ ಕೂಸನ್ನು ಎತ್ತಿಕೊಂಡು ಪಾರಿವಾಳ ತೋರಿಸಲು ಮೇಲೆ ಹೋಗಿದ್ದಳು, ಅಲ್ಲೇ ಫಿಟ್ಸ್ ಬಂದಿತ್ತು. ಕೂಸು ಅವಳ ಎದೆಯ ಮೇಲೆ, ಅವಳ ಎರಡೂ ಕೈಗಳ ಬಿಗಿಯಲ್ಲಿ, ಸುಮ್ಮನೆ ಕಣ್ಣು ಬಿಡುತ್ತಿತ್ತು. ಆ ಕೈಗಳನ್ನು ಬಿಡಿಸಲು ಅವನೂ ಹೆಂಡತಿ ಶೋಭಾರಾಣಿಯೂ ಇಬ್ಬರೂ ಬೇಕಾಯಿತು. ಕೂಸಿಗೆ ಏನೂ ಆಗಿರಲಿಲ್ಲ. ಆದರೆ ತಾರಸಿಯ ಮೋಟುಗೋಡೆಗೂ ಅವಳ ತಲೆಗೂ ಒಂದು ಗೇಣಷ್ಟೇ ಅಂತರವಿತ್ತು. ಚೈತ್ರ ಅಳಲೂ ಇಲ್ಲ, ಬೈಯಲೂ ಇಲ್ಲ; ಸಂಜೆಯೇ ಬ್ಯಾಗು ತುಂಬಿಕೊಂಡು ಗಂಡನ ಮನೆಗೆ ಹೊರಟಳು. ಶೋಭಾರಾಣಿ ಗೇಟಿನ ಹತ್ತಿರ ನಿಂತು ಸೊಂಟದ ಬೆಲ್ಟನ್ನು ಸರಿಪಡಿಸಿಕೊಳ್ಳುತ್ತಿದ್ದಳು. ಇಪ್ಪತ್ತೇಳು ವರ್ಷ ನಾದಿನಿಯನ್ನು ಮೀಯಿಸಿ, ತಲೆ ಬಾಚಿ, ಬಟ್ಟೆ ಹಾಕಿ ಶೋಭಾರಾಣಿಯ ಬೆನ್ನುಮೂಳೆಯ ಒಂದು ಮಣಿ ಜಾರಿತ್ತು. ನನ್ನ ಕೈಲಿನ್ನು ಆಗಲ್ಲ ರೀ ಎಂದು ಅವಳು ಹೇಳಿದ್ದು ಆ ಒಂದೇ ಸಲ. ಕೋಪದಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಅಮ್ಮ ಮುನಿಲಕ್ಷ್ಮಮ್ಮ ಕೊನೆಗಾಲದಲ್ಲಿ ದೇವರ ಪಟದ ಮುಂದೆ, ನನಗಿಂತ ಮೊದಲು ಇವಳನ್ನ ಕರಕೊಂಡುಬಿಡಪ್ಪಾ ಎಂದು ಬೇಡುವುದನ್ನು ಕೇಳಿ ಇದೇ ಕಾಂತರಾಜು ಅಮ್ಮನ ಮೇಲೆ ಹಾರಾಡಿದ್ದ. ಎರಡು ದಿನ ಅವಳ ಕೈಯ ಅನ್ನ ಉಂಡಿರಲಿಲ್ಲ.

ಫೋರ್ಟ್ ಕೊಚ್ಚಿಯಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ದಡದ ಉದ್ದಕ್ಕೂ ದೊಡ್ಡ ದೊಡ್ಡ ಬಲೆಗಳು, ಮರದ ತೊಲೆಗಳಿಗೆ ತೂಗುಬಿದ್ದು, ನೀರಿಗೆ ಬಾಗಿ ಮತ್ತೆ ಏಳುತ್ತಿದ್ದವು. ಒಂದು ಬಲೆಯ ಹತ್ತಿರ ನಾಲ್ಕು ಜನ ಹಗ್ಗ ಎಳೆಯುತ್ತಿದ್ದರು. ಪುಟ್ಟಲಕ್ಷ್ಮಿ ಯಾರನ್ನೂ ಕೇಳದೆ ಹಲಗೆಯ ಮೇಲೆ ನಡೆದುಹೋಗಿ ಹಗ್ಗದ ತುದಿ ಹಿಡಿದಳು. ಅವರು ಬೈಯುತ್ತಾರೆಂದು ಕಾಂತರಾಜು ಹಲ್ಲು ಕಚ್ಚಿಕೊಂಡ. ಅವರು ಬೈಯಲಿಲ್ಲ, ಒಬ್ಬ ನಕ್ಕು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಅವಳು ಹಿಂದಕ್ಕೆ ವಾಲಿ, ಕಣ್ಣು ಮುಚ್ಚಿ, ಬಲೆಯ ಭಾರವೆಲ್ಲ ತನ್ನದೇ ಎಂಬಂತೆ ಎಳೆದಳು. ಅವಳ ಬೆನ್ನು ಇವನ ಕಡೆಗಿತ್ತು. ಅವನು ಒಂದು ಹೆಜ್ಜೆ ಹಿಂದಿಟ್ಟ. ಮತ್ತೊಂದು. ಮೀನು ಮಾರುವ ಗೂಡಂಗಡಿಯ ಆಚೆಗೆ ರಸ್ತೆ ಇತ್ತು, ಆಟೋಗಳು ಸಾಲಾಗಿ ನಿಂತಿದ್ದವು. ಹತ್ತು, ಹದಿನೈದು, ಇಪ್ಪತ್ತು ಹೆಜ್ಜೆ. ಎದೆ ಎಷ್ಟು ಬಡಿದುಕೊಳ್ಳುತ್ತಿತ್ತೆಂದರೆ ಅಂಗಿಯ ಜೇಬಿನ ಪೆನ್ನು ಅಲುಗುವುದು ಕಾಣುತ್ತಿತ್ತು. ಆಗ ಹೊಸದಾಗಿ ಮದುವೆಯಾದಂತಿದ್ದ ಜೋಡಿಯೊಂದು ಅವನನ್ನು ತಡೆದು, ಫೋನು ಕೈಗಿತ್ತು, ಹಿಂದೆ ಬಲೆ ಬರುವಂತೆ ಒಂದು ಫೋಟೋ ತೆಗೆಯಲು ಹಿಂದಿಯಲ್ಲಿ ಕೇಳಿತು. ಅವನು ತೆಗೆದ. ಫೋನಿನ ಚೌಕದೊಳಗೆ ಆ ಇಬ್ಬರ ಹೆಗಲ ನಡುವೆ, ಸಣ್ಣದಾಗಿ, ಹಳದಿ ಬಟ್ಟೆಯ ಅಕ್ಕ ಹಗ್ಗ ಬಿಟ್ಟು ಸುತ್ತಲೂ ನೋಡುತ್ತಿದ್ದಳು. ಮತ್ತೊಂದು ತೆಗೆಯಿರಿ ಎಂದರು. ಮತ್ತೊಂದು ತೆಗೆಯುವಷ್ಟರಲ್ಲಿ ಅವಳು ಅವನನ್ನು ಕಂಡುಹಿಡಿದು, ಬಲೆಯವರು ಕೊಟ್ಟ ಬೆರಳುದ್ದದ ಮೀನೊಂದನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡು ಓಡಿಬರುತ್ತಿದ್ದಳು.

ಅಲ್ಲಿಂದ ಅವರು ನಡೆದೇ ಹೊರಟರು. ಭಾರಿ ಮರಗಳ ನೆರಳು ಬೀದಿಯ ಎರಡೂ ಕಡೆಯಿಂದ ಬಂದು ನಡುವೆ ಕೂಡಿಕೊಂಡಿತ್ತು. ಹಳೆಯ ಗೋದಾಮುಗಳ ಹಸಿರು ಬಾಗಿಲು, ಪಾಚಿ ಹಿಡಿದ ಗೋಡೆ, ಒಳಗಿನಿಂದ ಶುಂಠಿಯ ವಾಸನೆ. ಗೋಡೆಗೋಡೆಯ ನಡುವಿನ ಸಂದಿಯಲ್ಲಿ ನೀರು ಫಳಕ್ಕನೆ ಕಂಡು ಮರೆಯಾಗುತ್ತಿತ್ತು. ಪ್ರತಿ ಸಂದಿಯಲ್ಲೂ ಪುಟ್ಟಲಕ್ಷ್ಮಿ ನಿಂತು, ಅಗೋ ಎಂದು ಬೆರಳು ತೋರಿಸಿ, ಅವನೂ ನೋಡುವ ತನಕ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ಒಂದು ಸಂದಿಯಲ್ಲಿ ಅವಳು ಸುಮ್ಮನೆ ನಿಂತಳು. ಬೆರಳು ತೋರಿಸಲಿಲ್ಲ. ಅವನು ತಿರುಗಿ ನೋಡಿದರೆ ಚೂಡಿದಾರದ ಪ್ಯಾಂಟು ತೊಡೆಯಿಂದ ಕೆಳಗೆ ಕಪ್ಪಾಗುತ್ತ ಬರುತ್ತಿತ್ತು, ಚಪ್ಪಲಿಯ ಸುತ್ತ ನೆಲ ಒದ್ದೆಯಾಗಿತ್ತು. ಬೆಳಿಗ್ಗೆ ರೈಲ್ವೆ ಸ್ಟೇಷನ್ ಬಿಟ್ಟ ಮೇಲೆ ಅವಳಿಗೆ ಶೌಚಕ್ಕೆ ಹೋಗಬೇಕೇನೋ ಎಂದು ಅವನು ಕೇಳಿರಲಿಲ್ಲ. ಶೋಭಾರಾಣಿ ಎರಡು ಗಂಟೆಗೊಮ್ಮೆ ಕೇಳುತ್ತಾಳೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ, ಇವಳು ಈಗಾಗಲೇ ತನ್ನ ಕೈ ದಾಟಿ ಹೋದವಳೆಂದು ಒಳಗೆಲ್ಲೋ ಎಣಿಸಿಬಿಟ್ಟಿದ್ದನೇನೋ.

ಎದುರಿನ ಉಪ್ಪಿನಕಾಯಿ ಅಂಗಡಿಯಿಂದ ಒಬ್ಬ ಹೆಂಗಸು ಇಳಿದುಬಂದಳು. ಮನೆಯಲ್ಲಿ ಕೊಂಕಣಿ ಆಡುವವಳು, ತವರು ಕಾರ್ಕಳದ ಕಡೆಯಂತೆ. ಇವರ ಮಾತು ಕೇಳಿ ಕನ್ನಡದಲ್ಲೇ, ಬನ್ನಿ, ಒಳಗೆ ಕರೆದುಕೊಂಡು ಬನ್ನಿ, ಇದರಲ್ಲಿ ಏನುಂಟು ಎಂದಳು. ಪುಟ್ಟಲಕ್ಷ್ಮಿಯನ್ನು ಹಿತ್ತಲಿಗೆ ಕರೆದೊಯ್ದು, ನೀರು ಹಾಕಿ, ತನ್ನದೇ ಒಂದು ನೀಲಿ ನೈಟಿ ಹಾಕಿಸಿದಳು. ಒದ್ದೆ ಬಟ್ಟೆಯನ್ನು ಹಿಂಡಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವನ ಕೈಗೆ ಕೊಡುವಾಗ ಕೇಳಿದಳು: ‘ಇವರು ನಿಮಗೆ ಯಾರಾಗಬೇಕು?’

ಕಾಂತರಾಜು ಚೀಲವನ್ನು ನೋಡುತ್ತ, ‘ನಮ್ಮ ಬೀದಿಯವರು’ ಅಂದ.

ಅವಳು ಕೈ ಒರೆಸಿಕೊಳ್ಳುತ್ತ, ನಿಮಗೆ ಪುಣ್ಯ ಬರ್ತದೆ, ಬೇರೆಯವರನ್ನು ಇಷ್ಟು ದೂರ ಕರೆದುಕೊಂಡು ಬಂದು ತೋರಿಸುವವರು ಯಾರಿದ್ದಾರೆ ಈಗ ಎಂದಳು. ಅವನು ಕೈಮುಗಿದು ಹೊರಗೆ ಬಂದ. ಸ್ವಲ್ಪ ದೂರ ಹೋದ ಮೇಲೆ ಆ ಚೀಲವನ್ನು ಒಂದು ಕಸದ ಡಬ್ಬಿಯಲ್ಲಿ ಹಾಕಿದ. ಏಳು ವರ್ಷದ ಹಿಂದೆ ಅಕ್ಕ ಯಾವುದೋ ಬಸ್ಸು ಹತ್ತಿ ಕೆಂಗೇರಿಯಲ್ಲಿ ಸಿಕ್ಕಂದಿನಿಂದ ಅವಳ ಎಲ್ಲ ಬಟ್ಟೆಗಳ ಒಳಗೂ ಫೋನ್ ನಂಬರು ಬರೆದ ಬಿಳಿ ಪಟ್ಟಿಯೊಂದನ್ನು ಅವನೇ ಹೊಲಿದಿದ್ದ. ಕಳೆದ ಭಾನುವಾರ ಮಧ್ಯಾಹ್ನ, ಶೋಭಾರಾಣಿ ಮಲಗಿದ್ದಾಗ, ದಾರ ಕತ್ತರಿಸುವ ಟ್ರಿಮ್ಮರ್‌ನಿಂದ ಆ ಹಳದಿ ಚೂಡಿದಾರದ ಪಟ್ಟಿ ಬಿಚ್ಚಿದ. ಒಂದು ತೂತೂ ಉಳಿಯದಂತೆ ನಯವಾಗಿ ಬಿಚ್ಚಿದ್ದ. ಕೆಲಸ ಚೆನ್ನಾಗಿ ಬಂದದ್ದಕ್ಕೆ ಒಂದು ಕ್ಷಣ, ಅಭ್ಯಾಸಬಲದಿಂದ, ಸಮಾಧಾನವೂ ಆಗಿತ್ತು. ಅಷ್ಟೆಲ್ಲ ಬೇಕಿರಲಿಲ್ಲ. ಈಗ ಅವಳ ಮೈಮೇಲೆ ಮನೆಯ ಒಂದು ನೂಲೂ ಇರಲಿಲ್ಲ.

ಮಟ್ಟಾಂಚೇರಿ ಜೆಟ್ಟಿಯಲ್ಲಿ ಹನ್ನೆರಡರ ಸುಮಾರಿಗೆ ಎರ್ನಾಕುಲಂ ಬೋಟು ಬಂದು ನಿಂತಿತು. ಹೆಚ್ಚು ಜನವಿರಲಿಲ್ಲ. ಅವನು ಅಕ್ಕನನ್ನು ಮುಂದಿನ ಸಾಲಿಗೆ, ಇಬ್ಬರು ಹೆಂಗಸರ ಪಕ್ಕಕ್ಕೆ ಕರೆದೊಯ್ದು ಕೂರಿಸಿದ. ಕಂಬಿಯಾಚೆ ನೀರು ಅವಳ ಕೈಗೆ ಎಟಕುವಷ್ಟು ಹತ್ತಿರವಿತ್ತು. ಕೂತಿರು ಎಂದ. ಹೂಂ ಎಂದಳು, ನೀರಿನಿಂದ ಕಣ್ಣು ತೆಗೆಯಲಿಲ್ಲ. ಅವನು ಹಿಂದಕ್ಕೆ ನಡೆದ. ಬೋಟಿನ ಸಿಬ್ಬಂದಿ ಹಗ್ಗ ಬಿಚ್ಚಿ ಸುರುಳಿ ಸುತ್ತುತ್ತಿದ್ದ. ಗಂಟೆ ಹೊಡೆಯಿತು. ಇಳಿಯುತ್ತೇನೆಂದು ಅವನು ನಿರ್ಧರಿಸಲೇ ಇಲ್ಲ. ಬಲಗಾಲು ಮೆಟ್ಟಿಲ ಮೇಲಿತ್ತು, ಆಮೇಲೆ ಎಡಗಾಲೂ ಮೆಟ್ಟಿಲ ಮೇಲಿತ್ತು. ಬೋಟಿಗೂ ಕಟ್ಟೆಗೂ ನಡುವೆ ಕಪ್ಪು ನೀರು ಒಂದು ಮೊಳ ಅಗಲವಾಯಿತು, ಒಂದು ಮಾರಾಯಿತು. ಅವನು ಕಂಬದ ಹಿಂದೆ ಸರಿದು ನಿಂತ. ಬೋಟು ಪಕ್ಕವಾಗಿ ತಿರುಗಿದಾಗ ಮುಂದಿನ ಕಿಟಕಿ ಅವನಿಗೆ ನೇರವಾಗಿ ಕಂಡಿತು. ಅವಳು ಹಿಂದೆ ತಿರುಗಿ ಅವನು ಇರಬೇಕಾದ ಜಾಗವನ್ನು ನೋಡುತ್ತಿದ್ದಳು. ಎದ್ದು ನಿಂತಳು. ಪಕ್ಕದ ಹೆಂಗಸು ಅವಳ ತೋಳು ಹಿಡಿದು ಕೂರಿಸಲು ನೋಡಿದಳು. ಕೂಗಿದ್ದರೆ ಕೇಳುವಷ್ಟು ದೂರವಿತ್ತು. ಕಾಂತರಾಜು ಬಾಯಿ ತೆರೆದ. ಉಸಿರು ಮಾತ್ರ ಹೊರಗೆ ಬಂತು. ನೀಲಿ ಬಣ್ಣವೊಂದು ಬೋಟಿನೊಳಗೆ ಆಚೆ ಈಚೆ ಹೋಗುವುದು ಕಂಡಿತು. ಆಮೇಲೆ ಬೋಟು ಮಾತ್ರ ಕಂಡಿತು.

ಜೆಟ್ಟಿಯಿಂದ ಹೊರಬಿದ್ದು ಮೆಣಸಿನ ಗೋದಾಮುಗಳ ಬೀದಿಯಲ್ಲಿ ನಡೆದಾಗ ಮೈ ಹಗುರವಾಗಿತ್ತು. ಇದನ್ನು ಅವನು ಆಮೇಲೆ ತನಗೆ ತಾನೇ ಅಲ್ಲವೆಂದು ಹೇಳಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ; ಹಗುರವಾಗಿದ್ದುದು ನಿಜ. ಪಕ್ಕದಲ್ಲಿ ಯಾರಿಗೂ ಕಾಯದೆ ಕಾಲು ತನ್ನಷ್ಟಕ್ಕೆ ಬೀಸಾಗಿ ಹೋಗುತ್ತಿತ್ತು. ಅಂಗಡಿಗಳ ಮುಂದೆ ಏಲಕ್ಕಿ, ಲವಂಗ ರಾಶಿ ಹಾಕಿದ್ದರು. ಯಾರೂ ಅವನನ್ನು ತಿರುಗಿ ನೋಡಲಿಲ್ಲ. ಅವನೊಬ್ಬ ಮಾಮೂಲಿ ಮನುಷ್ಯನಾಗಿದ್ದ. ನಡುವಯಸ್ಸಿನ, ಹೆಗಲಿಗೆ ಬ್ಯಾಗು ಹಾಕಿಕೊಂಡ, ಊರು ನೋಡಲು ಬಂದ ಯಾರೋ ಒಬ್ಬ. ಹಸಿವಾಯಿತು. ಒಂದು ಹೋಟೆಲಿಗೆ ಹೋಗಿ ಕೂತು, ಎಲೆ ಹಾಕಿಸಿಕೊಂಡು, ಅನ್ನಕ್ಕೆ ಸಾರು ಹಾಕುತ್ತಿದ್ದಾಗ ಫೋನು ಬಂತು. ಶೋಭಾರಾಣಿ.

ಊಟ ಆಯಿತೇ ಎಂದು ಕೇಳಿದಳು. ಮಾಡುತ್ತಿದ್ದೇನೆ ಎಂದ. ಅವರದ್ದು ಎಂದು ಕೇಳಿದಳು. ಅವನು ಎಲೆಯ ಅಂಚಿನ ಉಪ್ಪನ್ನು ನೋಡಿದ. ಅವಳು ಉತ್ತರಕ್ಕೆ ಕಾಯಲಿಲ್ಲ, ಬೇಗ ಬೇಗ ಹೇಳಿದಳು: ಮಧ್ಯಾಹ್ನದ ಮಾತ್ರೆ ನಿಮ್ಮ ಬ್ಯಾಗಿನ ಪಕ್ಕದ ಖಾನೆಯಲ್ಲಿ ಇಟ್ಟಿದ್ದೇನೆ, ಒಂದೂವರೆಯೊಳಗೆ ಕೊಡಿ, ನಿನ್ನೆಯ ನಿದ್ದೆ ಬೇರೆ ಕೆಟ್ಟಿದೆ, ತಪ್ಪಿದರೆ ಬಂದೇ ಬರುತ್ತದೆ. ಅವನು ಬ್ಯಾಗಿನ ಮೇಲೆ ಕೈಯಿಟ್ಟ. ಮಾತ್ರೆಯ ಪಟ್ಟಿ ಬಟ್ಟೆಯ ಒಳಗಿನಿಂದ ಚರಕ್ಕೆಂದಿತು. ಇವನ್ನು ಅವಳ ಕೈಯಲ್ಲಿ ಕೊಟ್ಟುಬಿಡಬೇಕು, ಸಿಕ್ಕವರಿಗೆ ಕಾಯಿಲೆ ಏನೆಂದಾದರೂ ತಿಳಿಯಲಿ ಎಂದು ರೈಲಿನಲ್ಲಿ ಯೋಚಿಸಿದ್ದ. ಆ ಒಂದು ಯೋಚನೆಯನ್ನೇ ತನ್ನ ಕರುಣೆ ಎಂದು ಇಟ್ಟುಕೊಂಡಿದ್ದ. ಅದನ್ನೂ ಮರೆತಿದ್ದ.

‘ಕೇಳಿಸ್ತಾ ಇದೆಯಾ?’ ಅಂದಳು ಶೋಭಾರಾಣಿ. ಆಮೇಲೆ ದನಿ ಇಳಿಸಿ, ‘ನೀವು ಹೊರಟಾಗ ನಾನೇನೂ ಕೇಳ್ಲಿಲ್ಲ. ಯಾವತ್ತು ಬರ್ತೀರಾ ಅಂತಾನೂ ಕೇಳ್ಲಿಲ್ಲ. ಕೇಳ್ಬೇಕಿತ್ತು ಕಣ್ರೀ. ಕರ್ಕೊಂಡು ಬನ್ನಿ. ಹೆಂಗೋ ನೋಡ್ಕೊಳಣ.’

ಅವನು ಎದ್ದ. ಕೈ ತೊಳೆಯದೆ ಹೊರಟವನನ್ನು ಹೋಟೆಲಿನವನು ಕೂಗಿ ಕರೆದ. ಜೇಬಿನಲ್ಲಿ ಸಿಕ್ಕಷ್ಟನ್ನು ಗಲ್ಲಾದ ಮೇಲೆ ಹಾಕಿ ಓಡಿದ. ಹಗುರವಾಗಿದ್ದ ಕಾಲು ಎಲ್ಲಿ ಹೋಯಿತೋ; ಹತ್ತು ಮಾರು ಓಡಿದ್ದಕ್ಕೇ ಪಕ್ಕೆ ಹಿಡಿದುಕೊಂಡಿತು. ಜೆಟ್ಟಿಯಲ್ಲಿ ಮುಂದಿನ ಬೋಟಿಗೆ ಇನ್ನೂ ಇಪ್ಪತ್ತೈದು ನಿಮಿಷವಿದೆ ಎಂದರು. ಟಿಕೆಟ್ ಕೊಡುವವನನ್ನು ಕೇಳಬಹುದಿತ್ತು, ಹೋದ ಬೋಟಿಗೆ ಒಂದು ಫೋನ್ ಮಾಡಿಸಿ ಎನ್ನಬಹುದಿತ್ತು. ಕೇಳಬೇಕಾದರೆ, ನೀನು ಯಾಕೆ ಅದರಲ್ಲಿ ಇರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಬೇಕು. ಅವನು ಕಿಂಡಿಯ ತನಕ ಹೋಗಿ ಎರಡು ಸಲ ಹಿಂದೆ ಬಂದ. ಆ ಇಪ್ಪತ್ತೈದು ನಿಮಿಷ ಅವನು ಕಂಬದ ಪಕ್ಕದಲ್ಲಿ ಕೂತು ನೀರನ್ನು ನೋಡಿದ. ನೀರಿನಲ್ಲಿ ಬಾಳೆಯ ದಿಂಡು, ಎಣ್ಣೆಯ ಬಣ್ಣಗಳು, ಒಂದು ಚಪ್ಪಲಿ. ಚಪ್ಪಲಿ ಗಂಡಸಿನದು. ಅವಳ ಚಪ್ಪಲಿಯ ಬಣ್ಣ ಯಾವುದೆಂದು ನೆನಪಿಸಿಕೊಳ್ಳಲು ಹೋದರೆ ನೆನಪಾಗಲಿಲ್ಲ.

ಬೋಟು ಹತ್ತಿದ ಮೇಲೆ ಸಿಬ್ಬಂದಿಗೆ ತೋರಿಸಲು ಫೋನಿನಲ್ಲಿ ಅವಳ ಫೋಟೋ ಹುಡುಕಿದ. ಕೂಸಿನ ಫೋಟೋಗಳು ನೂರಾರು. ಚೈತ್ರಳ ಮದುವೆಯವು, ಗೃಹಪ್ರವೇಶದವು, ಬಟ್ಟೆಯ ಸ್ಯಾಂಪಲ್‌ಗಳವು. ಮದುವೆಯ ಒಂದು ಫೋಟೋದಲ್ಲಿ ಅಂಚಿಗೆ ಒಂದು ಭುಜವೂ ಕಿವಿಯೂ ಇದ್ದವು. ಮತ್ತೊಂದರಲ್ಲಿ ಅವಳು ಬರದಂತೆ ಫೋಟೋಗ್ರಾಫರಿಗೆ ತಾನೇ ಕೈಸನ್ನೆ ಮಾಡಿದ್ದು ನೆನಪಾಯಿತು; ಗಂಡಿನ ಕಡೆಯವರು ಎದುರಿಗಿದ್ದರು. ಆ ಸನ್ನೆಯನ್ನು ಅವಳು ನೋಡಿದ್ದಳು, ತಾನಾಗಿಯೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತು, ಸರಿಯಾಯಿತೇ ಎಂಬಂತೆ ಇವನ ಮುಖ ನೋಡಿದ್ದಳು. ಅವನು ಫೋನನ್ನು ಜೇಬಿಗಿಟ್ಟು, ಸಿಬ್ಬಂದಿಯ ಮುಂದೆ ನಿಂತು, ನೀಲಿ ನೈಟಿ, ಗಿಡ್ಡ ಕೂದಲು, ದಪ್ಪ ಎಂದು ಕೈಯಲ್ಲಿ ತೋರಿಸಿದ. ಆತ ಒಮ್ಮೆ ಇವನ ಕೈಯನ್ನೂ ಒಮ್ಮೆ ಮುಖವನ್ನೂ ನೋಡಿ, ನಡುವಿನ ದ್ವೀಪದ ಕಡೆ ಬೆರಳು ಮಾಡಿದ. ಅಲ್ಲಿ ಇಳಿದಿರಬಹುದು ಎಂದನೋ, ಅಲ್ಲಿ ಕೇಳು ಎಂದನೋ ತಿಳಿಯಲಿಲ್ಲ.

ದ್ವೀಪದ ಜೆಟ್ಟಿಯಲ್ಲಿ ಅವನೊಬ್ಬನೇ ಇಳಿದ. ಬಂದರಿನ ಉದ್ದನೆಯ ಗೋಡೆ, ಮುಚ್ಚಿದ ಗೇಟುಗಳು, ನೆತ್ತಿಯ ಮೇಲೆ ಬಿಸಿಲು. ಅಗಲವಾದ ರಸ್ತೆಯಲ್ಲಿ ಮನುಷ್ಯರಿರಲಿಲ್ಲ. ಗೇಟಿನ ಕಾವಲುಗಾರನೊಬ್ಬನಿಗೆ ಮತ್ತೆ ಅದೇ ಕೈಸನ್ನೆ. ಆತ ಇಲ್ಲವೆಂದು ತಲೆಯಾಡಿಸಿದ. ಅವನು ರಸ್ತೆಯ ಕೊನೆಯ ತನಕ ನಡೆದ, ಮರಗಳ ಬುಡದಲ್ಲೆಲ್ಲ ನೋಡಿದ, ಗೋಡೆ ಮುಗಿದಲ್ಲಿ ಕಲ್ಲುಗಳ ಮೇಲೆ ಇಳಿದು ನೀರಿನ ಅಂಚಿಗೆ ಬಂದ. ಒಂದೂವರೆ ದಾಟಿ ಆಗಲೇ ಬಹಳ ಹೊತ್ತಾಗಿತ್ತು. ಎರಡಾಯಿತು, ಎರಡೂಕಾಲು. ದೂರದಲ್ಲಿ ನೀರಿನ ಮೇಲೆ ನೀಲಿಯಾಗಿ ಏನೋ ಉಬ್ಬಿಕೊಂಡು ತೇಲುತ್ತಿತ್ತು. ಅವನು ಕಲ್ಲಿನಿಂದ ಜಾರಿ ಮೊಣಕಾಲು ತನಕ ನೀರಿಗಿಳಿದ. ಈಜು ಬರುತ್ತಿರಲಿಲ್ಲ. ಅಕ್ಕಾ ಎಂದು ಕೂಗಿದ. ಮಟ್ಟಾಂಚೇರಿಯಲ್ಲಿ ಬಾರದಿದ್ದ ದನಿ ಈಗ ಬಂತು, ಎಷ್ಟು ಜೋರಾಗಿ ಬಂತೆಂದರೆ ಕಾವಲುಗಾರ ಓಡಿಬಂದ. ಅದು ಟಾರ್ಪಾಲಿನ ತುಂಡು. ಅಲೆಯೊಂದು ಬಂದು ಅದನ್ನು ಬಿಡಿಸಿ ಚಪ್ಪಟೆ ಮಾಡಿತು. ಅದು ಅವಳಾಗಿದ್ದರೆ ಎಲ್ಲವೂ ಮುಗಿಯುತ್ತಿತ್ತು ಎಂಬ ಮಾತು ತಲೆಯೊಳಗೆ ಸ್ಪಷ್ಟವಾಗಿ ಕೇಳಿಸಿತು. ತನ್ನ ದನಿಯಲ್ಲೇ ಕೇಳಿಸಿತು. ಕಾಂತರಾಜು ನೀರಿನಲ್ಲಿ ನಿಂತೇ ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡು ಅತ್ತ. ಕಾವಲುಗಾರ ಅವನ ರಟ್ಟೆ ಹಿಡಿದು ಮೇಲೆತ್ತಿ, ಬಾಟಲಿಯ ನೀರು ಕುಡಿಸಿ, ಏನೇನೋ ಕೇಳಿ, ಒಂದೂ ಅರ್ಥವಾಗದೆ, ಕೊನೆಗೆ ಅವನನ್ನು ಜೆಟ್ಟಿಯ ತನಕ ನಡೆಸಿಕೊಂಡು ಬಂದು ಎರ್ನಾಕುಲಂ ಬೋಟು ಹತ್ತಿಸಿದ. ‘ಪೊಲೀಸ್’ ಎಂದು ಆಚೆ ದಡ ತೋರಿಸಿದ. ಆ ಒಂದು ಶಬ್ದ ತಿಳಿಯಿತು.

ದಡ ಸಮೀಪಿಸುತ್ತಿದ್ದಂತೆ ಏನು ಹೇಳಬೇಕೆಂದು ಜೋಡಿಸಿಕೊಂಡ. ನೂಕುನುಗ್ಗಲಿನಲ್ಲಿ ಕೈ ತಪ್ಪಿತು. ಟಿಕೆಟ್ ತರಲು ಇಳಿದೆ, ಬೋಟು ಹೊರಟಿತು. ಎರಡನೆಯದು ಉತ್ತಮ ಎನಿಸಿತು. ಅದನ್ನೇ ಮನಸ್ಸಿನಲ್ಲಿ ನಾಲ್ಕು ಸಲ ಹೇಳಿಕೊಂಡ.

ಜೆಟ್ಟಿಯ ಪಕ್ಕದ ಪೊಲೀಸ್ ಚೌಕಿಯ ಬಾಗಿಲಲ್ಲಿ ಜನ ಸೇರಿದ್ದರು. ಅವರ ನಡುವಿನಿಂದ ತಲೆ ಹಾಕಿ ನೋಡಿದರೆ ಒಳಗೆ ಬೆಂಚಿನ ಮೇಲೆ ಪುಟ್ಟಲಕ್ಷ್ಮಿ ಕೂತಿದ್ದಳು. ಮುಂದೆ ಬಿಚ್ಚದ ಊಟದ ಪೊಟ್ಟಣ, ಮುಟ್ಟದ ಟೀ. ಹಣೆಯ ಮೇಲೆ ತರಚಿದ ಗಾಯಕ್ಕೆ ಹತ್ತಿ ಅಂಟಿಸಿದ್ದರು. ಮುಖ ಬಾಡಿ ತುಟಿ ಒಣಗಿತ್ತು. ಫಿಟ್ಸ್ ಬಂದು ಹೋದ ಮೇಲಿನ ಆ ಮಂಕು ಅವನಿಗೆ ಗುರುತಿತ್ತು. ಅವನ ಕಾಲು ಹೊಸ್ತಿಲಲ್ಲೇ ನಿಂತಿತು. ಮೇಜಿನ ಹಿಂದಿದ್ದ ಪೊಲೀಸ್ ಹೆಂಗಸಿಗೆ ಗಂಡ ಪೀಣ್ಯದಲ್ಲಿ ಕೆಲಸಕ್ಕಿದ್ದ ನಾಲ್ಕು ವರ್ಷದಲ್ಲಿ ಕಲಿತ ಕನ್ನಡವಿತ್ತು. ಹಾಗಾಗಿಯೇ ಅಕ್ಕನ ಮಾತು ಅವರಿಗೆ ಅಷ್ಟಾದರೂ ತಿಳಿದಿತ್ತು. ಇವನು ಮೇಡಂ, ಒಂದ್ನಿಮಿಷ ಎನ್ನುತ್ತಿದ್ದಂತೆ ಆ ಪೊಲೀಸ್ ಹೆಂಗಸು ಒಳಗೆ ಬರಬೇಡವೆಂದು ಕೈ ಮಾಡಿ, ಕನ್ನಡದಲ್ಲೇ, ಇಲ್ಲೊಂದು ಮಗು ಕಾಣೆಯಾಗಿರುವ ಕೇಸಿದೆ, ಏನಿದ್ದರೂ ಆಮೇಲೆ ಬನ್ನಿ ಎಂದಳು. ಇವರ ತಮ್ಮನಂತೆ, ಬೋಟಿನಿಂದ ಕಾಣೆಯಾಗಿದ್ದಾನೆ, ನೀರಿಗೆ ಬಿದ್ದನೋ ಏನೋ. ಹನ್ನೆರಡೂವರೆಯಿಂದ ಎರಡು ಬೋಟು ಹುಡುಕುತ್ತಿವೆ. ನಡುವೆ ಇವರಿಗೆ ಮೂರ್ಛೆ ಬಂತು, ಆಸ್ಪತ್ರೆಗೆ ಬಾರಮ್ಮ ಎಂದರೆ ತಮ್ಮ ಸಿಗುವ ತನಕ ಏಳುವುದಿಲ್ಲ ಎನ್ನುತ್ತಾರೆ, ಮಾತ್ರೆ ಯಾವುದೆಂದು ಇವರಿಗೆ ಗೊತ್ತಿಲ್ಲ. ಹೀಗೆನ್ನುತ್ತ ಅವಳು ಮೇಜಿನ ಮೇಲಿನ ಹಾಳೆಯನ್ನು ಎತ್ತಿ ಓದಿದಳು: ‘ಹೆಸರು ಕಾಂತು. ಉದ್ದ ಇವರ ಸೊಂಟದಷ್ಟು. ಸ್ವಲ್ಪ ದೂರ ನಡೆದರೆ ಕಾಲು ನೋವು ಅಂತಾನೆ. ಯಾರಾದರೂ ಬೈದರೆ ಮಾತು ನಿಂತುಹೋಗುತ್ತೆ, ಕೂಗೋಕೆ ಬರಲ್ಲ.’

ರಾಗಿ ಹೊಲದ ಬದುವಿನಲ್ಲಿ, ಈಗ ಚಂದ್ರಾ ಲೇಔಟಿನ ಮನೆಗಳಿರುವಲ್ಲಿ, ಹತ್ತು ವರ್ಷದ ಹುಡುಗಿಯೊಬ್ಬಳು ಕಳೆ ಕೀಳುವ ಅಮ್ಮನ ಹಿಂದೆ ಹಿಂದೆ ತಮ್ಮನನ್ನು ಕಂಕುಳಲ್ಲಿ ಹೊತ್ತು ತಿರುಗುತ್ತಿದ್ದಳು. ಇಳಿಸು ಎಂದರೂ ಇಳಿಸುತ್ತಿರಲಿಲ್ಲ, ಮುಳ್ಳು ಚುಚ್ಚುತ್ತದೆ ಎನ್ನುತ್ತಿದ್ದಳು. ಅದು ಇದ್ದಕ್ಕಿದ್ದಂತೆ, ಯಾರೋ ಬಾಗಿಲು ತೆರೆದಂತೆ, ಅವನ ಕಣ್ಣ ಮುಂದೆ ಬಂತು. ಎಷ್ಟೋ ವರ್ಷ ಅವನಿಗೆ ಅದರ ನೆನಪೇ ಇರಲಿಲ್ಲ. ಕಾಂತರಾಜು ಹೊಸ್ತಿಲು ದಾಟಿ ಹೇಳಿದ, ‘ಕಾಂತು ನಾನೇ ಮೇಡಂ.’

ಪುಟ್ಟಲಕ್ಷ್ಮಿ ತಲೆಯೆತ್ತಿದಳು. ಬೆಂಚು ಹಿಡಿದುಕೊಂಡು ಎದ್ದು, ತೂರಾಡುತ್ತ ಬಂದು, ಎಲ್ಲರ ಎದುರಿಗೆ ಅವನ ಕೆನ್ನೆಗೆ ಬಲವಾಗಿ ಹೊಡೆದಳು. ಆಮೇಲೆ ಬಗ್ಗಿ ಅವನ ಒದ್ದೆ ಪ್ಯಾಂಟನ್ನು ಮುಟ್ಟಿ ನೋಡಿ, ‘ನೀರ್‍ಗೆ ಬಿದ್ದಿದ್ದ. ನಾನ್ ಹೇಳ್ಲಿಲ್ವಾ?’ ಎಂದು ಪೊಲೀಸ್ ಹೆಂಗಸಿಗೆ ಹೇಳಿದಳು. ಬಾಗಿಲಲ್ಲಿದ್ದವರು ನಕ್ಕರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಕಾಂತರಾಜು ಬ್ಯಾಗಿನಿಂದ ಮಾತ್ರೆ ತೆಗೆದು ಅವಳ ನಾಲಿಗೆಯ ಮೇಲಿಟ್ಟ. ಆರಿದ ಟೀಯ ಲೋಟವನ್ನು ಅವಳ ಬಾಯಿಗೆ ಹಿಡಿದ. ಪೊಲೀಸ್ ಹೆಂಗಸು ಜನರನ್ನು ಕಳುಹಿಸಿ, ಬಾಗಿಲು ಓರೆ ಮಾಡಿ, ಬೋಟಿನವರಿಗೆ ಫೋನ್ ಮಾಡಿ ಹುಡುಕುವುದು ನಿಲ್ಲಿಸಿ ಎಂದಳು. ಮತ್ತೆ ಪೆನ್ನು ಹಿಡಿದು, ಹೇಗೆ ಬೇರೆಯಾದಿರಿ, ಅದೊಂದು ಬರೆದು ಮುಗಿಸಬೇಕು ಎಂದು ಕೇಳಿದಳು.

ಟಿಕೆಟ್ ತರಲು ಇಳಿದೆ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಪುಟ್ಟಲಕ್ಷ್ಮಿ ನೈಟಿಯ ತುದಿಯಿಂದ ಅವನ ಪ್ಯಾಂಟಿನ ನೀರು ಒತ್ತುತ್ತಿದ್ದಳು.

‘ನಾನೇ ಇಳಿದೆ,’ ಅಂದ ಕಾಂತರಾಜು. ‘ಬಿಟ್ಟು ಹೋಗೋಣ ಅಂತ ಇಳಿದೆ. ಬೆಂಗಳೂರಿಂದ ಅದಕ್ಕೇ ಕರ್ಕೊಂಡು ಬಂದಿದ್ದು.’

ಪೆನ್ನು ನಿಂತಿತು. ಪೊಲೀಸ್ ಹೆಂಗಸು ಬಹಳ ಹೊತ್ತು ಅವನನ್ನು ನೋಡಿದಳು. ಅವಳು ಮುಖ ತಿರುಗಿಸಲಿಲ್ಲ. ನೋಡುತ್ತಲೇ ಇದ್ದಳು, ಅದನ್ನು ಅವನು ತಡೆದುಕೊಂಡು ನಿಂತ. ಅವಳು ಬೈಯಲಿಲ್ಲ. ಅವನ ಆಧಾರ್ ಕಾರ್ಡು ತೆಗೆದುಕೊಂಡು ಎಲ್ಲವನ್ನೂ ಬರೆದುಕೊಂಡಳು. ಶೋಭಾರಾಣಿಗೆ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದಳು. ನಿಮ್ಮ ಏರಿಯಾದ ಠಾಣೆಗೆ ತಿಳಿಸುತ್ತೇನೆ, ತಿಂಗಳಿಗೊಮ್ಮೆ ಮನೆಗೆ ಬಂದು ಇವರನ್ನು ನೋಡಿಕೊಂಡು ಹೋಗುತ್ತಾರೆ, ಆ ದಿನ ಇವರು ಮನೆಯಲ್ಲಿ ಇರಲೇಬೇಕು ಎಂದಳು. ಅವನು ತಲೆಯಾಡಿಸಿ, ಬರಲಿ ಎಂದ. ಬೀದಿಯವರೆಲ್ಲ ನೋಡುತ್ತಾರೆ, ನೋಡಲಿ. ತಾರಸಿ, ಗ್ಯಾಸು, ಶೋಭಾರಾಣಿಯ ಬೆನ್ನು, ಬಾರದ ಚೈತ್ರ, ಎಲ್ಲವೂ ನಾಡಿದ್ದು ಬೆಳಿಗ್ಗೆ ಹಾಗೆಯೇ ಇರುತ್ತವೆ. ಪೊಲೀಸ್ ಹೆಂಗಸು ಪುಟ್ಟಲಕ್ಷ್ಮಿಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು ನಿಧಾನವಾಗಿ ಕೇಳಿದಳು: ‘ಅಮ್ಮಾ, ಇವರ ಜೊತೆ ಹೋಗ್ತೀರಾ? ಇಷ್ಟ ಇಲ್ಲ ಅಂದ್ರೆ ಬೇಡ. ಇಲ್ಲಿ ಬೇರೆ ಮನೆ ಇದೆ, ಚೆನ್ನಾಗಿ ನೋಡ್ಕೊಳ್ತಾರೆ.’

ಕಾಂತರಾಜು ಬೇಡಿಕೊಂಡು ಬಂದದ್ದೇ ಅಂಥ ಮನೆ. ಅದು ಈಗ ಒಂದು ಮಾತಿನ ದೂರದಲ್ಲಿತ್ತು. ತನ್ನ ಜೊತೆ ಬರುವುದಿಲ್ಲ ಎಂದುಬಿಟ್ಟರೆ ಎಂದು ಅವನು ಅಕ್ಕನ ತುಟಿಗಳನ್ನೇ ನೋಡಿದ.

ಪುಟ್ಟಲಕ್ಷ್ಮಿ ಪ್ರಶ್ನೆಯೇ ಸರಿಯಿಲ್ಲವೆಂಬಂತೆ ಹುಬ್ಬು ಗಂಟಿಕ್ಕಿ ಹೇಳಿದಳು, ‘ನಾನ್ ಹೋಗೋದಲ್ಲ. ಇವನ್ನ ಕರ್ಕೊಂಡ್ ಹೋಗ್ತೀನಿ.’

ದೂರು ಕೊಟ್ಟವಳು ಅವಳಾದ್ದರಿಂದ ಸಿಕ್ಕಿದ್ದಾನೆಂದು ಒಪ್ಪಿ ಗುರುತು ಹಾಕಬೇಕಾದವಳೂ ಅವಳೇ. ಪೊಲೀಸ್ ಹೆಂಗಸು ಶಾಯಿಯ ಡಬ್ಬಿ ತೆರೆದು ಅವಳ ಹೆಬ್ಬೆರಳನ್ನು ಹಿಡಿದು ಒತ್ತಿಸಿದಳು. ಹಾಳೆಯ ಕೆಳಗೆ, ಕಾಂತರಾಜುವನ್ನು ಯಾರ ವಶಕ್ಕೆ ಕೊಡಲಾಯಿತು ಎಂಬಲ್ಲಿ, ನೇರಳೆ ಬಣ್ಣದ ಗುರುತು ಮೂಡಿತು. ಅವಳು ಅದನ್ನು ಬಗ್ಗಿ ನೋಡಿ, ಚೆನ್ನಾಗಿ ಬಂದಿದೆಯೆಂದು ತೃಪ್ತಿಪಟ್ಟಳು. ಆಮೇಲೆ, ಆ ಶಾಯಿಯ ಕೈಯಲ್ಲೇ, ಅವನ ಮಣಿಕಟ್ಟು ಹಿಡಿದುಕೊಂಡು ಹೊರಗೆ ಬಂದಳು. ಐದು ಗಂಟೆಯ ಬಿಸಿಲಿನಲ್ಲಿ ರಸ್ತೆಯ ತುಂಬ ವಾಹನಗಳು ಬಿಡುವಿಲ್ಲದೆ ಹೋಗುತ್ತಿದ್ದವು. ಅವಳು ಅಂಚಿನಲ್ಲಿ ನಿಂತು ಎರಡೂ ಕಡೆ ನೋಡಿ, ಅವನನ್ನು ತನ್ನ ಒಳಬದಿಗೆ ಎಳೆದುಕೊಂಡು, ಇನ್ನೊಂದು ಅಂಗೈಯನ್ನು ಬರುತ್ತಿದ್ದ ಬಸ್ಸಿಗೆ ಅಡ್ಡ ಹಿಡಿದಳು. ಬಸ್ಸು ನಿಂತಿತು. ಕಾಂತರಾಜು ತಲೆ ತಗ್ಗಿಸಿಕೊಂಡು ಅವಳ ಜೊತೆ ದಾಟಿದ.